ಮೂರನೆಯ ಕೋವಿಯ ಪ್ರಶ್ನೆ

“ಕೋವಿಗಳನ್ನೆಲ್ಲ ಸರ್ಕಾರದವರು ವಾಪಸು ತೆಗೆದುಕೊಳ್ಳುತ್ತಾರಂತೆ, ಹೌದೇ?” ಎಂದು ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಈಗಲೂ ಕೇಳುವುದುಂಟು. ಹಾಗೇನೂ ಇಲ್ಲ. ಆದರೆ ಏನೂ ಬದಲಾಗಿಲ್ಲವೆಂದು ಸುಮ್ಮನೆ ಕುಳಿತಿರುವವರು ಹೆಚ್ಚು ಅಪಾಯದಲ್ಲಿದ್ದಾರೆ. ಆದುದರಿಂದ ಈ ವಿಷಯವನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲು ಒಬ್ಬ ಲೈಸೆನ್ಸುದಾರ ಮೂರು ಕೋವಿಗಳ ತನಕ ಇಟ್ಟುಕೊಳ್ಳಬಹುದಾಗಿತ್ತು. 2019ರ ನವೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದ ತಿದ್ದುಪಡಿ ಮಸೂದೆಯು ಇದನ್ನು ಒಂದಕ್ಕೇ ಇಳಿಸಲು ಹೊರಟಿತ್ತು. ಆಕ್ಷೇಪಗಳು ಬಂದ ಮೇಲೆ ಎರಡಕ್ಕೆ ನಿಂತಿತು. 14-12-2019ರಿಂದ ಅದೇ ಕಾನೂನು ಜಾರಿಯಲ್ಲಿದೆ. ಮೂರನೆಯದನ್ನು ಒಂದು ವರ್ಷದೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕಿತ್ತು. ಆ ಗಡುವು 2020ರ ಡಿಸೆಂಬರಿನಲ್ಲೇ ಮುಗಿದಿದೆ. ಅಂದರೆ, ಇಂದು ಅಟ್ಟದ ಮೇಲೆ ಉಳಿದಿರುವ ಮೂರನೆಯ ಕೋವಿ, ಅದು ಅಜ್ಜನ ಕಾಲದ ಕೇಪಿನ ಕೋವಿಯೇ ಆಗಿರಲಿ, ಲೈಸೆನ್ಸಿಲ್ಲದ ಕೋವಿಯೇ ಸರಿ. ಅಂಥದನ್ನು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ, ಮೇಲೆ ದಂಡ.

ಇಲ್ಲಿ ಲೆಕ್ಕ ಆಳಿಗೇ ಹೊರತು ಮನೆಗಲ್ಲ. ತಂದೆಯ ಹೆಸರಿನಲ್ಲಿ ಎರಡು, ಮಗನ ಹೆಸರಿನಲ್ಲಿ ಎರಡು ಇದ್ದರೆ ತೊಂದರೆಯಿಲ್ಲ. ತೊಡಕು ಬರುವುದು ಹಿರಿಯರು ತೀರಿಕೊಂಡಾಗ. ತೋಟವನ್ನು ಪಾಲುಪಟ್ಟಿಯಲ್ಲಿ ಹಂಚಿಕೊಳ್ಳಬಹುದು, ಕೋವಿಯನ್ನು ಹಾಗೆ ಹಂಚಿಕೊಳ್ಳಲು ಬರುವುದಿಲ್ಲ. ಉತ್ತರಕ್ರಿಯೆಗಳ ಗಡಿಬಿಡಿಯಲ್ಲಿ ಗೋಡೆಯ ಮೇಲಿನ ಕೋವಿಯ ನೆನಪು ಯಾರಿಗೂ ಇರುವುದಿಲ್ಲ. ಕಾನೂನು ಮಾತ್ರ, ಲೈಸೆನ್ಸುದಾರನಿಲ್ಲದ ಕೋವಿಯನ್ನು ವೃಥಾ ತಡಮಾಡದೆ ಠಾಣೆಯಲ್ಲೋ ವ್ಯಾಪಾರಿಯಲ್ಲೋ ಇಟ್ಟು ರಸೀದಿ ಪಡೆಯಿರೆನ್ನುತ್ತದೆ. ಆಮೇಲೆ ವಾರಸುದಾರರು ಅರ್ಜಿ ಹಾಕಿಕೊಳ್ಳಬೇಕು. ವಾರಸುದಾರನಲ್ಲಿ ಆಗಲೇ ಎರಡು ಇದ್ದರೆ ಪಿತ್ರಾರ್ಜಿತವೆಂದು ಮೂರನೆಯದು ದೊರೆಯದು. ಮನೆತನದ ಕೋವಿಯೇ ಬೇಕೆಂಬ ಆಸೆಯಿದ್ದರೆ ತನ್ನ ಎರಡರಲ್ಲಿ ಒಂದನ್ನು ಮಾರಬೇಕು, ಇಲ್ಲವೇ ತಮ್ಮನೋ ತಂಗಿಯೋ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳೂ ವಾರಸುದಾರರೇ ಎಂಬುದನ್ನು ನಮ್ಮವರು ಇಂಥ ಹೊತ್ತಿನಲ್ಲಿ ಮರೆಯುತ್ತಾರೆ.

ಇದಕ್ಕಿಂತ ಸುಲಭದ ದಾರಿ 2016ರ ನಿಯಮಗಳಲ್ಲಿದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರಲ್ಲಿ 25 ವರ್ಷದಿಂದ ಇದ್ದರೆ, ತಾವು ಬದುಕಿರುವಾಗಲೇ ಒಬ್ಬ ವಾರಸುದಾರರ ಹೆಸರು ಸೂಚಿಸಿ ವರ್ಗಾವಣೆ ಕೋರಬಹುದು. ಹಿರಿಯ ಸದಸ್ಯರು ಇದನ್ನು ಮುಂದೂಡಬಾರದೆಂದು ನಮ್ಮ ವಿನಂತಿ.

ಹೊಸ ಕಾನೂನಿನಿಂದ ಆದ ಒಂದು ಅನುಕೂಲವೆಂದರೆ ಲೈಸೆನ್ಸಿನ ಅವಧಿ 3ರಿಂದ 5 ವರ್ಷಕ್ಕೆ ಏರಿರುವುದು. ಐದು ವರ್ಷವೆಂದರೆ ಮರೆತುಬಿಡುವಷ್ಟು ಕಾಲವೂ ಹೌದು! ಮುಗಿಯುವ ತಾರೀಖನ್ನು ತೋಟದ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಮದುವೆ, ಉತ್ಸವಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸಜೆ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಡಗಿನಲ್ಲಿ ತೋಟವಿದೆಯೆಂಬ ಮಾತ್ರಕ್ಕೆ ಉಳಿದವರಿಗೆ ಅದು ಅನ್ವಯಿಸದು.

ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲವೆಂಬುದನ್ನೂ ಹೇಳಬೇಕು. ಗಾಳಿಗೆ ಈಡು ಹಾರಿಸಿ ಹಂದಿಯನ್ನು ಬೆದರಿಸುವುದು ಬೇರೆ, ಕೊಲ್ಲುವುದು ಬೇರೆ. ಕಾಡುಹಂದಿ ವನ್ಯಜೀವಿ ಕಾನೂನಿನ ಎರಡನೆಯ ಅನುಸೂಚಿಯಲ್ಲಿದೆ, ಅರಣ್ಯಾಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತಿಲ್ಲ.

ಕೊನೆಯದು ಚುನಾವಣೆಯ ಕಾಟ. ಚುನಾವಣೆ ಘೋಷಣೆಯಾಯಿತೆಂದು ಮಂಗಗಳೇನೂ ತೋಟ ಬಿಟ್ಟು ಹೋಗುವುದಿಲ್ಲ, ಕೋವಿ ಮಾತ್ರ ಠಾಣೆ ಸೇರಬೇಕು. ಚುನಾವಣಾ ಆಯೋಗದ ಸೂಚನೆಯಂತೆ ಲೈಸೆನ್ಸುಗಳನ್ನು ಪರಿಶೀಲಿಸಲು ಜಿಲ್ಲೆಗೊಂದು ಸಮಿತಿ ಇರುತ್ತದೆ. ಬೆಳೆ ರಕ್ಷಣೆಗೆ ಕೋವಿ ಅಗತ್ಯವೆಂದು ಅದಕ್ಕೆ ಮನವಿ ಕೊಡಬಹುದು. ಪಹಣಿಯ ನಕಲು, ಲೈಸೆನ್ಸಿನ ನಕಲು ತಂದರೆ ಮನವಿ ಬರೆಯಲು ನಮ್ಮ ಕಚೇರಿಯಲ್ಲಿ ನೆರವಾಗುತ್ತೇವೆ. ಒಪ್ಪಿಸಲೇಬೇಕಾಗಿ ಬಂದರೆ ಕೋವಿಯ ನಂಬರು ಬರೆದ ರಸೀದಿಯಿಲ್ಲದೆ ಠಾಣೆಯಿಂದ ಹಿಂದಿರುಗಬೇಡಿ.