ಬಸುರಿ ತಾಯಿಯ ಎದೆಹಾಲು ಮಗುವಿಗೆ ವಿಷವೇ?

“ಬಸುರಿಯ ಹಾಲು ಕುಡಿದರೆ ಮಗು ಸೊರಗುತ್ತದೆ, ಹೊಟ್ಟೆಯಲ್ಲಿರುವುದೂ ಉಳಿಯುವುದಿಲ್ಲ.” ಈ ಮಾತು ಈಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದಕ್ಕೂ ಮೊದಲು ಜಗುಲಿ ಮೇಲೆ ಓಡಾಡುತ್ತಿತ್ತು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸೊಸೆಗೆ ಎರಡನೆಯದು ನಿಂತಿತೆಂದು ಗೊತ್ತಾದ ದಿನವೇ ಅತ್ತೆ “ಮೊಲೆ ಬಿಡಿಸವ್ವ, ಮಗ ಸೊರಗ್ತೈತೆ” ಅನ್ನುವುದುಂಟು. ಎದೆಗೆ ಬೇವಿನ ರಸ ಹಚ್ಚಿ ಒಂದೇ ದಿನಕ್ಕೆ ಹಾಲು ಬಿಡಿಸುವುದೂ ಉಂಟು.

ಹಾಲು ವಿಷವಾಗುವುದಿಲ್ಲ. ಆದರೆ ಅತ್ತೆಯ ಭಯ ಪೂರ್ತಿ ಸುಳ್ಳೂ ಅಲ್ಲ.

ಗರ್ಭ ನಿಂತ ಮೇಲೆ ದೇಹದಲ್ಲಿ ಹಾರ್ಮೋನುಗಳು ಬದಲಾಗಿ ಹಾಲಿನ ಪ್ರಮಾಣ ಇಳಿಯುತ್ತದೆ. ನಾಲ್ಕು, ಐದನೇ ತಿಂಗಳ ಹೊತ್ತಿಗೆ ಅನೇಕರಿಗೆ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಸಿಹಿ ಅಂಶ ಕಡಿಮೆಯಾಗಿ, ಸೋಡಿಯಂ ಹೆಚ್ಚಿ ರುಚಿ ಸ್ವಲ್ಪ ಉಪ್ಪುಪ್ಪಾಗುತ್ತದೆ. ಕೆಲವು ಮಕ್ಕಳು ತಾವಾಗಿಯೇ ಬಿಡುತ್ತವೆ. ಹಾಲು ಕೆಟ್ಟಿಲ್ಲ, ಕಡಿಮೆಯಾಗಿದೆ ಅಷ್ಟೆ. ಅದರ ಜಾಗಕ್ಕೆ ಬೇರೆ ಊಟ ಬಾರದಿದ್ದರೆ ಮಗು ಸೊರಗುತ್ತದೆ. ನೋಡಿದವರು ಹಾಲನ್ನು ದೂರುತ್ತಾರೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಆಫ್ರಿಕಾದ ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಮೈ ಊದಿಕೊಂಡು ಸೊರಗುವ ಮಕ್ಕಳ ಕಾಯಿಲೆಯ ಬಗ್ಗೆ 1930ರ ದಶಕದಲ್ಲಿ ಬರೆದರು. ಅಲ್ಲಿನವರು ಅದನ್ನು ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು. ಮುಂದಿನ ಕೂಸು ಬಂದಾಗ ದೊಡ್ಡ ಮಗುವಿಗೆ ಬರುವ ಕಾಯಿಲೆ ಎಂದು ಅರ್ಥ. ಎದೆಹಾಲು ತಪ್ಪಿದ ಆ ಮಕ್ಕಳಿಗೆ ಸಿಗುತ್ತಿದ್ದುದು ಬರೀ ಮೆಕ್ಕೆಜೋಳದ ಗಂಜಿ. ಬೇವು ಹಚ್ಚಿ ಒಂದೇ ದಿನಕ್ಕೆ ಬಿಡಿಸುವುದು ನನಗೆ ಹೆದರಿಕೆ ಹುಟ್ಟಿಸುವುದು ಇದಕ್ಕೇ.

ಇನ್ನು ಹೊಟ್ಟೆಯಲ್ಲಿರುವ ಕೂಸು. ಮಗು ಹಾಲು ಚೀಪುವಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ, ಅದರಿಂದ ಗರ್ಭಕೋಶ ಸ್ವಲ್ಪ ಬಿಗಿಯಾಗಬಹುದು. ಆದರೆ ದಿನ ತುಂಬುತ್ತ ಬರುವವರೆಗೆ ಗರ್ಭಕೋಶ ಈ ಹಾರ್ಮೋನಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ತೊಂದರೆಯಿಲ್ಲದ ಬಸಿರಿನಲ್ಲಿ ಹಾಲುಣಿಸುವುದರಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ಹಿಂದೆ ಗರ್ಭಪಾತವೋ, ದಿನ ತುಂಬುವ ಮೊದಲೇ ಹೆರಿಗೆಯೋ ಆಗಿದ್ದರೆ, ಅವಳಿ ಇದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಸಿ. ರಕ್ತ ಕಂಡರೆ, ಹೊಟ್ಟೆ ಪದೇ ಪದೇ ಹಿಂಡಿದರೆ ಹಾಲುಣಿಸುವುದನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ನಿಜವಾಗಿ ಚಿಂತೆ ಮಾಡಬೇಕಾದ್ದು ತಾಯಿಯ ಬಗ್ಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಇದೆ. ಶೇಂಗಾ ಹೊಲದಲ್ಲಿ ಬಗ್ಗಿ ಕೆಲಸ ಮಾಡಿ ಬಂದವಳು ಒಂದು ಜೀವಕ್ಕೆ ಹಾಲುಣಿಸಿ, ಇನ್ನೊಂದನ್ನು ಹೊತ್ತು, ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ಉಂಡರೆ ಮೈಯಲ್ಲಿ ಏನು ಉಳಿದೀತು? ಕಬ್ಬಿಣಾಂಶದ ಮಾತ್ರೆಯನ್ನು 180 ದಿನ ನುಂಗಲೇಬೇಕು. ಚಹಾದ ಜೊತೆ ಬೇಡ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಸಿಗುವ ಬಿಸಿಯೂಟ, ಮೊಟ್ಟೆ, ಹಾಲು ಆಕೆಯ ಪಾಲು, ಅದನ್ನು ಮನೆಗೆ ತಂದು ಹಂಚುವಂತಿಲ್ಲ.

ದೊಡ್ಡ ಮಗುವಿಗೆ ವರ್ಷ ದಾಟಿದ್ದರೆ ಮೆತ್ತಗೆ ಕಿವುಚಿದ ಮುದ್ದೆ, ಬೇಳೆ, ಸೊಪ್ಪು, ಮೊಟ್ಟೆ, ನುಣ್ಣಗೆ ಪುಡಿ ಮಾಡಿದ ಶೇಂಗಾ ದಿನಕ್ಕೆ ನಾಲ್ಕೈದು ಸಲ ಕೊಡಿ. ಹಾಲು ಬಿಡಿಸಬೇಕೆಂದಿದ್ದರೆ ವಾರಕ್ಕೊಂದು ಹೊತ್ತಿನಂತೆ ಕಡಿಮೆ ಮಾಡಿ. ಮಗುವಿಗೆ ಇನ್ನೂ ಆರು ತಿಂಗಳಾಗಿಲ್ಲದಿದ್ದರೆ ವಿಷಯ ಬೇರೆ. ಹಾಲೇ ಅದರ ಊಟವಾದ್ದರಿಂದ ಪ್ರತಿ ವಾರ ತೂಕ ನೋಡಿಸಿ, ಏರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

“ಹಾಲುಣಿಸುವವರೆಗೆ ಬಸುರಾಗಲ್ಲ” ಎಂಬ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಎಷ್ಟೋ ಮನೆಗಳಲ್ಲಿ ಈ ಗೊಂದಲ ಶುರುವಾಗುವುದೇ ಅಲ್ಲಿಂದ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಬರೀ ಎದೆಹಾಲೇ ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಮೂರೂ ಇದ್ದಾಗ ಮಾತ್ರ ಅದನ್ನು ನಂಬಬಹುದು.

ಹೆರಿಗೆಯಾದ ಮೇಲೆ ಇಬ್ಬರಿಗೂ ಕುಡಿಸಬಹುದು, ಆದರೆ ಮೊದಲ ಸರದಿ ಹಸುಗೂಸಿನದು. ಆರಂಭದ ದಿನಗಳ ಗಿಣ್ಣುಹಾಲು ಅದಕ್ಕೇ ಮೊದಲು ಸಿಗಬೇಕು. ದೊಡ್ಡದೂ ಕುಡಿದರೆ ಒಂದೆರಡು ದಿನ ಹೊಟ್ಟೆ ಸಡಿಲವಾಗಬಹುದು, ಅದಕ್ಕೆ ಗಾಬರಿ ಬೇಡ.