ಕೆಂಡದ ಹಾದಿ

ಅನ್ನವನ್ನು ಬೇಯಿಸುವುದೂ ಬೆಂಕಿಯೇ, ಮನೆಯನ್ನು ಸುಡುವುದೂ ಬೆಂಕಿಯೇ. ಆದುದರಿಂದಲೇ ಮಾನವನು ಅದನ್ನು ಭಯಭಕ್ತಿಗಳಿಂದ ಪೂಜಿಸುತ್ತ ಬಂದಿದ್ದಾನೆ. ದೂರದ ಗ್ವಾಟೆಮಾಲಾ ದೇಶದ ಮಾಯಾ ಜನರು ಇಂದಿಗೂ ಕೊಪಾಲ್ ಎಂಬ ಮರದ ಅಂಟನ್ನು ಅಗ್ನಿಗೆ ಅರ್ಪಿಸಿ ಹಿರಿಯರನ್ನು ನೆನೆಯುತ್ತಾರೆ. ನಮ್ಮ ನಾಡಿನ ವೀರಭದ್ರನ ಆರಾಧನೆಯಲ್ಲಿಯೂ ಮಣ್ಣಿನ ಪಾತ್ರೆಯಲ್ಲಿ ಗುಗ್ಗುಳದ ಅಂಟನ್ನು ಉರಿಸಿ ಮೆರವಣಿಗೆ ಮಾಡುವುದುಂಟು. ಇದೇ ಗುಗ್ಗಳ.

‘ಅಂಬುಧಿ’ ಎಂದರೆ ಕಡಲು. ಹೆಸರಿನಲ್ಲಿಯೇ ನೀರನ್ನು ಹೊತ್ತ ಬುಕ್ಕಾಂಬುಧಿ ಅಜ್ಜಂಪುರ ತಾಲ್ಲೂಕಿನಲ್ಲಿದೆ. ನೆರೆಯ ಕಡೂರು, ತರೀಕೆರೆಗಳನ್ನೂ ಒಳಗೊಂಡ ಈ ಸೀಮೆಯಲ್ಲಿ ಬೆಂಕಿಯ ಆರಾಧನೆಯೂ ಆಳವಾಗಿ ಬೇರೂರಿದೆ. ವೀರಭದ್ರನ ಜಾತ್ರೆಗಳಲ್ಲಿ ನಡೆಯುವ ಕೆಂಡಾರ್ಚನೆ ಅದರ ಮುಖ್ಯ ರೂಪ. ಸೌದೆಯನ್ನು ಉರಿಸಿ, ಜ್ವಾಲೆ ಅಡಗಿದ ಮೇಲೆ ಕೆಂಡವನ್ನು ಹರಡಿ ಪೂಜಿಸುತ್ತಾರೆ. ಕರಡೆ, ಸಮಾಳಗಳ ನಾದದ ನಡುವೆ, ಉಪವಾಸವಿದ್ದ ಭಕ್ತರು ಬರಿಗಾಲಿನಲ್ಲಿ ಅದನ್ನು ಹಾಯುತ್ತಾರೆ.

ಇದರ ಹಿನ್ನೆಲೆಯಲ್ಲಿರುವುದು ದಕ್ಷಯಜ್ಞದ ಕಥೆ. ದಕ್ಷನ ಯಜ್ಞದಲ್ಲಿ ಹವಿಸ್ಸಿತ್ತು, ಮಂತ್ರವಿತ್ತು, ಋಷಿಗಳಿದ್ದರು, ವಿನಯವೊಂದು ಇರಲಿಲ್ಲ. ಅವನು ಅಳಿಯನಾದ ಶಿವನನ್ನು ಕರೆಯದೆ ಹಳಿದನು. ಅವಮಾನವನ್ನು ತಾಳಲಾರದೆ ದಾಕ್ಷಾಯಿಣಿ ದೇಹತ್ಯಾಗ ಮಾಡಿದಳು. ಶಿವನ ಜಟೆಯಿಂದ ಹುಟ್ಟಿದ ವೀರಭದ್ರನು ಆ ಯಜ್ಞವನ್ನು ಧ್ವಂಸಗೊಳಿಸಿದನು. ಈ ಕಥೆಯನ್ನು ನೆನೆದು ಕೆಂಡ ಹಾಯುವವನು ಅಲ್ಲಿ ಸುಡಬೇಕಾದುದು ಕಾಲನ್ನಲ್ಲ, ಅಹಂಕಾರವನ್ನು.

ಹಾಗಾದರೆ ಕಾಲು ಸುಡದಿರುವುದೇಕೆ? ಒಲೆಯಿಂದ ಉರುಳಿದ ಕೆಂಡವನ್ನು ಗೃಹಿಣಿಯು ಬೆರಳಿನಿಂದ ಥಟ್ಟನೆ ಒಳಕ್ಕೆ ನೂಕುತ್ತಾಳೆ, ಬೊಬ್ಬೆ ಏಳುವುದಿಲ್ಲ. ಅಷ್ಟೇ ಕಾದ ಕಬ್ಬಿಣವನ್ನು ಮುಟ್ಟಿದರೆ ಏಳುತ್ತದೆ. ಇದ್ದಿಲು ಉಷ್ಣವನ್ನು ಬಹು ನಿಧಾನವಾಗಿ ಸಾಗಿಸುತ್ತದೆ. ಮೇಲಿನ ಬೂದಿಯೂ ತಡೆಯಾಗುತ್ತದೆ. ಹೆಜ್ಜೆ ಊರುವುದು ಕ್ಷಣಮಾತ್ರ. 1935ರಲ್ಲಿ ಇಂಗ್ಲೆಂಡಿನಲ್ಲಿ ಕಾಶ್ಮೀರದ ಖುದಾ ಬಕ್ಷನು ಕೆಂಡದ ಮೇಲೆ ನಡೆದಾಗ ವಿದ್ವಾಂಸರು ಅದನ್ನು ಪರೀಕ್ಷಿಸಿದರು. ಆದರೂ ಅಪಾಯ ಇಲ್ಲದಿಲ್ಲ. ತಡೆದು ನಿಂತವರೂ ಎಡವಿ ಬಿದ್ದವರೂ ಸುಟ್ಟುಕೊಂಡಿದ್ದಾರೆ. ಇದು ಆಟವಾಗಿ ಅನುಕರಿಸತಕ್ಕದ್ದಲ್ಲ.

ಸುಟ್ಟುಕೊಂಡವನ ಭಕ್ತಿಯಲ್ಲಿ ಕೊರತೆಯಿತ್ತೆಂದು ಆಡಿಕೊಳ್ಳುವವರುಂಟು. ಅದು ತಪ್ಪು. ಬೆಂಕಿಗೆ ಪಾಪಪುಣ್ಯಗಳ ಭೇದ ತಿಳಿಯದು. ಬಿದ್ದವನನ್ನು ಎತ್ತಿ, ಅವನ ಗಾಯಕ್ಕೆ ತಣ್ಣೀರೆರೆಯುವುದೇ ಅಲ್ಲಿ ನಿಜವಾದ ಪೂಜೆ. ಹಾಗಲ್ಲದೆ, ತಾನು ಗೆದ್ದೆನೆಂದು ಬೀಗುತ್ತ ಬಿದ್ದವನನ್ನು ಹಳಿದವನು, ಕೆಂಡವನ್ನು ದಾಟಿಯೂ ದಕ್ಷನಾಗಿಯೇ ಉಳಿಯುತ್ತಾನೆ.