ಬೇರಿಲ್ಲದ ಮೇವು

ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರದ ಪೈನ್ ಕಾಡುಗಳಲ್ಲಿ ನಡುಬೇಸಿಗೆಯಲ್ಲೂ ನೆಲ ಬೂದುಬಿಳುಪಾಗಿ ಕಾಣುತ್ತದೆ. ಅದು ಹಿಮವಲ್ಲ, ಕ್ಲಾಡೋನಿಯ ಕುಲದ ಕಲ್ಲುಹೂವು. ಹಿಮಸಾರಂಗಗಳ ಚಳಿಗಾಲದ ಮೇವು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿಗೆ ದೂರದ ನೆಂಟನೇ, ಆದರೆ ಇದು ಹೆಚ್ಚಾಗಿ ಹಬ್ಬುವುದು ಸಾರವಿಲ್ಲದ ಮರಳುನೆಲದಲ್ಲಿ.

ಕಲ್ಲುಹೂವು ಗಿಡವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ನೆಲೆ ಕೊಡುತ್ತದೆ. ಕ್ಲಾಡೋನಿಯ ರಾಂಜಿಫೆರಿನದ ಬೂದು ಕವಲುಗಳ ತುದಿ ಕಂದಾಗಿ ಒಂದೇ ಕಡೆಗೆ ಬಾಗಿರುತ್ತದೆ. ಕ್ಲಾಡೋನಿಯ ಸ್ಟೆಲ್ಲಾರಿಸ್ ತಿಳಿಹಳದಿ, ದುಂಡುದುಂಡು ಮೆತ್ತೆ. ಆಟಿಕೆ ರೈಲುಗಳ ಪಕ್ಕದಲ್ಲಿ ನಿಲ್ಲಿಸುವ ಪುಟ್ಟ ಮರಗಳನ್ನು ಮಾಡುವುದು ಇದರಿಂದಲೇ!

ಬೆಳವಣಿಗೆ ಮಾತ್ರ ವರ್ಷಕ್ಕೆ ಕೆಲವೇ ಮಿಲಿಮೀಟರ್. ಮೇಲೆ ಚಿಗುರುತ್ತ, ಬುಡದಲ್ಲಿ ಕೊಳೆಯುತ್ತ ಹೋಗುತ್ತದೆ. ಒಮ್ಮೆ ಪೂರ್ತಿ ಮೇಯ್ದ ಜಾಗ ಮತ್ತೆ ತುಂಬಲು ದಶಕಗಳೇ ಬೇಕು. ಒಣಗಿದಾಗ ಕಾಲಿಟ್ಟರೆ ಪುಡಿಪುಡಿ. ಆದ್ದರಿಂದ ಬೇಸಿಗೆಯಲ್ಲಿ ಮಂದೆ ಬೆಟ್ಟಕ್ಕೋ ಕರಾವಳಿಗೋ ಹೊರಟುಹೋದರೆ ಈ ನೆಲಕ್ಕೆ ಕ್ಷೇಮ. ಚಳಿಗಾಲದಲ್ಲಿ ಸಾರಂಗಗಳು ಹಿಮದಡಿಯ ಕಲ್ಲುಹೂವನ್ನು ವಾಸನೆಯಿಂದಲೇ ಪತ್ತೆಹಚ್ಚಿ, ಗೊರಸಿನಿಂದ ಅಗೆದು ತಿನ್ನುತ್ತವೆ.

ಇದಕ್ಕೆ ಬೇರಿಲ್ಲ. ಮಳೆ, ಮಂಜು, ಗಾಳಿಯ ದೂಳು ಏನು ತಂದು ಸುರಿದರೂ ಇಡೀ ಮೈಯಿಂದ ಹೀರುತ್ತದೆ. ಬಡನೆಲದಲ್ಲಿ ಬದುಕಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಬೇಕಾದದ್ದು, ಬೇಡವಾದದ್ದು ಎಂದು ಆರಿಸಿಕೊಳ್ಳುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರ ಸಿಡಿದಾಗ ಗಾಳಿಯಲ್ಲಿ ತೇಲಿಬಂದ ವಿಕಿರಣಶೀಲ ಸೀಸಿಯಂ-137 ನಾರ್ವೆ, ಸ್ವೀಡನ್‌ಗಳ ಮಳೆಯೊಡನೆ ಇಳಿಯಿತು. ಕಲ್ಲುಹೂವು ಅದನ್ನೂ ಹೀರಿ ಹಿಡಿದುಕೊಂಡಿತು. ಅದನ್ನು ಮೇಯ್ದ ಸಾರಂಗದ ಮಾಂಸಕ್ಕೂ ವಿಕಿರಣ ಸೇರಿತು. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ.

ತಲೆತಲಾಂತರದಿಂದ ಸಾರಂಗ ಸಾಕಿದ ಸಾಮಿ ಜನರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಷ್ಟೇ ಆಗಿರಲಿಲ್ಲ, ಇಡೀ ಬದುಕಿನ ಕ್ರಮವೇ ಅಲುಗಾಡಿತು. ನಾರ್ವೆ ಸರ್ಕಾರ ಅದೇ ವರ್ಷದ ನವೆಂಬರಿನಲ್ಲಿ ಸಾರಂಗದ ಮಾಂಸಕ್ಕಿದ್ದ ವಿಕಿರಣಶೀಲತೆಯ ಮಿತಿಯನ್ನು ಕಿಲೋಗೆ 600 ಬೆಕೆರೆಲ್‌ನಿಂದ 6,000ಕ್ಕೆ ಏರಿಸಿತು. ಆ ದೇಶದ ಸಾಮಾನ್ಯ ಜನ ಈ ಮಾಂಸ ತಿನ್ನುವುದೇ ಅಪರೂಪ ಎಂಬುದು ಲೆಕ್ಕಾಚಾರ. ದಿನವೂ ತಿನ್ನುವವರು ಸಾಮಿಗಳೇ ಎಂಬುದನ್ನು ನೆನೆದರೆ ಈ ವಾದ ನನಗಂತೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೂ ಮಿತಿ ಏರಿಸದಿದ್ದರೆ ಸಾರಂಗ ಸಾಕಣೆ ಉಳಿಯುವುದೇ ಕಷ್ಟವಿತ್ತು.

ಒಂದು ದಾರಿಯಿತ್ತು. ಸಾರಂಗದ ದೇಹ ಸೀಸಿಯಂ ಅನ್ನು ಕಲ್ಲುಹೂವಿನಂತೆ ವರ್ಷಗಟ್ಟಲೆ ಹಿಡಿದಿಡುವುದಿಲ್ಲ. ಶುದ್ಧ ಮೇವು ಸಿಕ್ಕರೆ ಕೆಲವೇ ವಾರಗಳಲ್ಲಿ ಅರ್ಧದಷ್ಟನ್ನು ಹೊರಹಾಕುತ್ತದೆ. ಹಾಗಾಗಿ ಕಡಿಯುವ ಮೊದಲು ಜೀವಂತ ಪ್ರಾಣಿಯ ಮೈಗೇ ಮಾಪಕ ಹಿಡಿದು ನೋಡುವುದು, ಸೀಸಿಯಂ ಹೆಚ್ಚು ಕಂಡ ಪ್ರಾಣಿಗಳನ್ನು ಕಲ್ಲುಹೂವಿನಿಂದ ದೂರವಿಟ್ಟು ಬೇರೆ ಮೇವು ಹಾಕುವುದು, ಕರುಳಿನಲ್ಲೇ ಸೀಸಿಯಂ ಹಿಡಿಯುವ ಪ್ರಷ್ಯನ್ ನೀಲಿ ಎಂಬ ವರ್ಣದ್ರವ್ಯವನ್ನು ಉಪ್ಪಿನ ಗಟ್ಟಿಯಲ್ಲಿ ಬೆರೆಸಿ ನೆಕ್ಕಿಸುವುದು ರೂಢಿಗೆ ಬಂತು.